ಬೇಯಿಸದ ಚಿಪ್ಪು

ಗದಗ
ಫೆಬ್ರವರಿ ಮೂವತ್ತು, ೨೧೯೮

ಹಿಂದಿನ ಕಾಲದಲ್ಲಿ ಇನ್ನೂ ಬದುಕಿರುವ ಕನ್ನಡದ ಹಿರಿಯರಿಗೆ, ದಾಕ್ಷಾಯಣಿ ಮುಳಗುಂದ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಮೂವತ್ತನೆಯ ದಿನ ನಿಮ್ಮಲ್ಲಿಲ್ಲ, ನಮ್ಮಲ್ಲಿದೆ. ಮೇ ತಿಂಗಳ ಬಿಸಿಲು ತಡೆಯಲಾಗುವುದಿಲ್ಲ ಎಂದು ಜನ ಗೋಳಾಡಿದಾಗ ನಮ್ಮ ಸರಕಾರ ಆ ತಿಂಗಳಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಸೇರಿಸಿತು. ಬಿಸಿಲು ಕಡಿಮೆಯಾಗಲಿಲ್ಲ. ಆದರೆ ಮೇ ತಿಂಗಳಲ್ಲಿ ಸತ್ತವರ ಸಂಖ್ಯೆ ಇಳಿದಿದೆ ಎಂದು ಮಂತ್ರಿಗಳು ಎದೆ ತಟ್ಟಿಕೊಂಡರು. ನಾನು ಎಂಥವರ ನಡುವೆ ಬದುಕುತ್ತಿದ್ದೇನೆ ಎಂಬುದು ನಿಮಗೆ ಇಷ್ಟರಲ್ಲೇ ತಿಳಿದಿರಬೇಕು.

ಭಾಷೆಗಾಗಿಯೂ ಕ್ಷಮೆ ಕೇಳಬೇಕು. ನಾನು ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುವವಳು. ನಿಮ್ಮ ಕಾಲದ ಪುಸ್ತಕದ ಕನ್ನಡ ನನಗೆ ಪಾಠ ಮಾಡಿ ಮಾಡಿ ಬಂದದ್ದು, ಮನೆಯಲ್ಲಿ ಆಡಿ ಬಂದದ್ದಲ್ಲ. ಅಲ್ಲಲ್ಲಿ ಗಟ್ಟಿ ಎನಿಸಿದರೆ ಸಹಿಸಿಕೊಳ್ಳಿ. ನಮ್ಮ ಕಾಲದ ಕೆಲವು ಮಾತುಗಳನ್ನು ಬಳಸದೆ ಗತಿಯಿಲ್ಲ, ಅವುಗಳ ಅರ್ಥವನ್ನು ಹೇಳುತ್ತಲೇ ಹೋಗುತ್ತೇನೆ. ಕೈಯಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಬಾಯಿಬಿಟ್ಟು ಹೇಳಿದ ಯಾವ ಮಾತಿನ ಮೇಲೂ ನನಗೀಗ ನಂಬಿಕೆ ಉಳಿದಿಲ್ಲ. ರೇಣುಕಾ ಹಲವಾಗಲಿ ಎಂಬ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದೇ ಒಂದು ಮಾತು ಆಡಿದ್ದಕ್ಕೆ ಜೈಲಿನಲ್ಲಿದ್ದಾಳೆ. ಆ ಮಾತಿನ ಅರ್ಥವೇನೆಂದು ಹೇಳಲು ನನ್ನನ್ನು ಕರೆದಿದ್ದರು. ಹೇಳಿದೆ, ಎಲ್ಲರಿಗೂ ಅರ್ಥವಾಯಿತು, ಆದರೂ ಅವಳನ್ನು ಒಳಗೆ ಹಾಕಿದರು. ಆ ಹೇಸಿಗೆಯನ್ನು ಯಾರ ಮುಂದಾದರೂ ಕಕ್ಕಬೇಕು. ಈ ಕಾಲದವರ ಮುಖ ನೋಡಲು ಮನಸ್ಸಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನೀವು ಟ್ರಾನ್ಸಿಸ್ಟರ್ ಎನ್ನುವುದನ್ನು ನಾವು ಕದ ಎನ್ನುತ್ತೇವೆ. ತೆರೆಯುವುದು, ಮುಚ್ಚುವುದು, ಅದಕ್ಕಿರುವ ಕೆಲಸ ಅಷ್ಟೇ. ಕೋಟಿಗಟ್ಟಲೆ ಕದ ಕೂಡಿದರೆ ಒಂದು ಚಿಪ್ಪು, ನಿಮ್ಮ ಚಿಪ್. ನಿಮ್ಮವರು ಕದಗಳನ್ನು ಬೆಳಕಿನಿಂದ ಕೊರೆಯುತ್ತಿದ್ದರಂತೆ. ವರ್ಷ ವರ್ಷವೂ ಇನ್ನಷ್ಟು ಸಣ್ಣದು ಮಾಡಿದೆವೆಂದು ಚಿಪ್ಪಿಗೆ ಇಷ್ಟು ನ್ಯಾನೊಮೀಟರ್ ಎಂದು ಒಂದು ಅಳತೆಯ ಹೆಸರಿಟ್ಟು ಮಾರುತ್ತಿದ್ದರಂತೆ. ಆ ಅಳತೆಯ ವಸ್ತು ಚಿಪ್ಪಿನೊಳಗೆ ಹುಡುಕಿದರೂ ಸಿಗುತ್ತಿರಲಿಲ್ಲವಂತೆ! ಯಾರೂ ಸುಳ್ಳು ಹೇಳಲಿಲ್ಲ, ಬರೀ ಹೆಸರಿಟ್ಟರು. ತಪ್ಪು ತಿಳಿಯಬೇಡಿ, ನಮ್ಮವರು ಕಲಿತ ವಿದ್ಯೆಯ ಮೊದಲ ಪಾಠ ನಿಮ್ಮ ಅಂಗಳದಲ್ಲೇ ನಡೆದದ್ದು.

ಬೆಳಕಿನ ಯಂತ್ರಗಳು ಬೆಟ್ಟದಷ್ಟು ದೊಡ್ಡವಾಗಿ, ಸಾಕಲಾಗದೆ ಬಿದ್ದುಹೋದವು. ಈಗ ಉಳಿದಿರುವುದು ಎರಡು ದಾರಿ. ಒಂದು ಅಚ್ಚಿನವರದು. ಗೌರಿ ಹುಣ್ಣಿಮೆಗೆ ಮರದ ಅಚ್ಚಿಗೆ ಪಾಕ ಹೊಯ್ದು ಸಕ್ಕರೆ ಗಿಣಿ ತೆಗೆಯುತ್ತೇವಲ್ಲ, ಹಾಗೆಯೇ ಇವರು ಮೆತ್ತನೆಯ ಪದರದ ಮೇಲೆ ಗಟ್ಟಿ ಅಚ್ಚು ಒತ್ತಿ ಕದ ಮೂಡಿಸುತ್ತಾರೆ. ಅಚ್ಚು ಸವೆದರೆ ಗಿಣಿಯ ಕೊಕ್ಕು ಮುರಿಯುತ್ತದೆ, ಇಲ್ಲಿ ಕದ ಮುರಿಯುತ್ತದೆ. ಇನ್ನೊಂದು ಮೊಳಕೆಯವರದು. ಇವರು ತಟ್ಟೆಯ ಮೇಲೆ ಕಣ್ಣಿಗೆ ಕಾಣದ ಬೀಜ ಹರಡಿ, ಬಿಸಿ ಗಾಳಿ ಊದಿ, ಇಂಗಾಲದ ಎಳೆಗಳನ್ನು ಬೆಳೆಸುತ್ತಾರೆ. ಒಂದೊಂದು ಎಳೆಯೂ ಒಂದೊಂದು ಕದ. ಅಚ್ಚಿನದಕ್ಕಿಂತ ಚುರುಕು ನಿಜ, ಆದರೆ ಕೆಲವು ಎಳೆ ಸೊಟ್ಟ ಬೆಳೆಯುತ್ತವೆ. ಸೊಟ್ಟ ಎಳೆ ತಂಪಿನಲ್ಲಿ ಸಾಧುವಿನ ಹಾಗೆ ಕೆಲಸ ಮಾಡಿಕೊಂಡಿರುತ್ತದೆ, ಬಿಸಿ ಏರಿದ ಕೂಡಲೇ ಅಂಟಿಕೊಂಡು ಬಿಡುತ್ತದೆ, ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಅದನ್ನು ಕಂಡುಹಿಡಿಯುವುದಕ್ಕೆ ಒಂದೇ ದಾರಿ, ಚಿಪ್ಪುಗಳನ್ನು ಕುಲುಮೆಯಲ್ಲಿಟ್ಟು ವಾರಗಟ್ಟಲೆ ಕಾಯಿಸಿ ಓಡಿಸಿ ನೋಡುವುದು. ಕಾರ್ಖಾನೆಯಲ್ಲಿ ಇದಕ್ಕೆ ಬೇಯಿಸುವುದು ಎನ್ನುತ್ತಾರೆ. ರೇಣುಕಾ ಮೊಳಕೆ ಕಾರ್ಖಾನೆಯ ಬೇಯಿಸುವ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದಳು.

ಈ ಎರಡು ಕಂಪನಿಗಳ ಜಗಳ ನಮ್ಮ ಊರಿನ ನೆಮ್ಮದಿಯನ್ನೇ ತಿಂದುಹಾಕಿದೆ. ಕಪ್ಪತಗುಡ್ಡದ ಆಚೆ ಬದಿಗೆ ಅಚ್ಚು, ಈಚೆ ಬದಿಗೆ ಮೊಳಕೆ. ಬೆಟಗೇರಿ ಓಣಿಗಳ ಗೋಡೆಗಳ ಮೇಲಿನ ಜಾಹೀರಾತುಗಳು ದಿನವಿಡೀ ಬೊಬ್ಬೆ ಹಾಕುತ್ತವೆ, ನಮ್ಮದು ಮೊದಲು, ನಮ್ಮದೇ ಮೊದಲು ಎಂದು. ಹೆಣ್ಣು ನೋಡಲು ಬಂದವರು ಕುಲಗೋತ್ರಕ್ಕಿಂತ ಮುಂಚೆ ನೀವು ಅಚ್ಚಿನವರೋ ಮೊಳಕೆಯವರೋ ಎಂದು ಕೇಳುತ್ತಾರೆ. ನನ್ನ ಸೋದರಸೊಸೆಯ ಮದುವೆಯಲ್ಲಿ ಬೀಗರು ಅಚ್ಚಿನವರೆಂದು ನಮ್ಮ ಕಡೆಯವರು ಅರ್ಧ ಪಂಕ್ತಿಯಲ್ಲಿ ಎದ್ದು ಹೋದರು, ಬಡಿಸಿದ ಹೋಳಿಗೆ ಎಲೆಯಲ್ಲೇ ಉಳಿಯಿತು. ಚಿಪ್ಪು ಮಾಡುವವರ ಜಗಳಕ್ಕೆ ಉಣ್ಣುವವರ ಹೋಳಿಗೆ ಯಾಕೆ ಬಲಿಯಾಗಬೇಕು ಎಂದು ನಾನು ಕೂಗಾಡಿದೆ, ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಜಗಳವೆಲ್ಲ ತಂಪಂಗಿಗಾಗಿ. ತಂಪಂಗಿ ಎಂದರೆ ಮೈಯನ್ನು ತಣ್ಣಗಿಡುವ ಅಂಗಿ. ಬಟ್ಟೆಯೊಳಗೆ ಕೂದಲಿನಷ್ಟು ಸಣ್ಣ ಕೊಳವೆಗಳು, ಅವುಗಳಲ್ಲಿ ಹರಿಯುವ ತಂಪನ್ನು ಬಿಡುವುದೂ ತಡೆಯುವುದೂ ಎದೆಯ ಮೇಲಿನ ಒಂದು ಚಿಪ್ಪು. ಅದಿಲ್ಲದೆ ಬೆಳಗಿನ ಹೊತ್ತು ಕಳೆದ ಮೇಲೆ ನಾವು ಹೊರಗೆ ಕಾಲಿಡುವಂತಿಲ್ಲ. ಮಧ್ಯಾಹ್ನಕ್ಕೆ ನಾವು ಸುಡುಹೊತ್ತು ಎನ್ನುತ್ತೇವೆ. ಆಗ ಸೈರನ್ ಕೂಗುತ್ತದೆ, ಅಂಗಡಿ ಮುಚ್ಚುತ್ತವೆ, ನಮ್ಮ ಶಾಲೆ ನೆಲಮಾಳಿಗೆಗೆ ಇಳಿಯುತ್ತದೆ. ಹೊಲದಲ್ಲಿ ಕೆಲಸ ಮಾಡುವವರಿಗೆ ಇಳಿಯಲು ಮಾಳಿಗೆ ಎಲ್ಲಿದೆ? ಅವರು ತಂಪಂಗಿಯನ್ನೇ ನಂಬಿ ನಿಲ್ಲುತ್ತಾರೆ. ಯಾರ ಚಿಪ್ಪಿನ ಅಂಗಿ ಬೇಸಿಗೆಗೆ ಮುಂಚೆ ಪೇಟೆಗೆ ಬರುತ್ತದೋ ಆ ವರ್ಷದ ವ್ಯಾಪಾರ ಅವರದು. ಬೇಸಿಗೆ ಯಾರಿಗೂ ಕಾಯುವುದಿಲ್ಲ, ಕುಲುಮೆಗೆ ಮಾತ್ರ ವಾರಗಟ್ಟಲೆ ಬೇಕು. ಈ ಇಕ್ಕಟ್ಟಿನಲ್ಲೇ ರೇಣುಕಾ ಸಿಕ್ಕಿಕೊಂಡದ್ದು.

ಕಾಗದದ ಮೇಲಿನ ಪರೀಕ್ಷೆಗಳು ಯಾವಾಗಲೂ ಸುಳ್ಳಾಗುತ್ತಿದ್ದವೆಂದು ನಮ್ಮಲ್ಲಿ ಒಂದು ಕಾನೂನು ತಂದರು. ಪ್ರತಿ ವಿಭಾಗದಲ್ಲಿ ಒಂದು ಕಿವಿ ಇರಬೇಕು. ಕಿವಿ ಎಂದರೆ ಮಾತು ಕೇಳಿ ಸಾಕ್ಷಿ ಹಿಡಿಯುವ ಯಂತ್ರ. ಗೋಡೆಯ ಮೇಲೆ ಕೆಲಸದ ಹೆಸರು ಬರುತ್ತದೆ, ಮಾಡಿದವರು ನೆಲದ ಗುರುತಿನ ಮೇಲೆ ನಿಂತು ಅದು ಆಗಿದೆ ಎಂದು ಬಾಯಿಬಿಟ್ಟು ಹೇಳಬೇಕು, ಹೇಳಿದ ಮೇಲಷ್ಟೇ ಕಿವಿ ಸರಕಿಗೆ ಹೊರಗಿನ ಬಾಗಿಲು ತೆರೆಯುತ್ತದೆ. ಕೈ ಸುಳ್ಳು ಬರೆಯಬಹುದು, ಬಾಯಿ ಅಷ್ಟು ಸುಲಭವಾಗಿ ಸುಳ್ಳಾಡುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಒಳ್ಳೆಯದೇ. ಆದರೆ ಕಾನೂನು ಬರುವ ಹೊತ್ತಿಗೆ ಅಚ್ಚು, ಮೊಳಕೆ ಇಬ್ಬರೂ ಒಟ್ಟಿಗೆ ರಾಜಧಾನಿಗೆ ಹೋಗಿ ಒಂದು ವಿನಾಯಿತಿ ತಂದರು. ಮೇಲಿನವರು ಕೊಡುವ ಆದೇಶ ವ್ಯಾಪಾರದ ಗುಟ್ಟು, ಎದುರಾಳಿಗೆ ಸಿಗಬಾರದು, ಅದನ್ನು ಕಿವಿ ಕೇಳಿಸಿಕೊಳ್ಳಕೂಡದು ಎಂದು. ಹಾಗಾಗಿ ನಮ್ಮ ಕಿವಿಗೆ ಗುರುತಿನ ಮೇಲೆ ನಿಂತವರ ಉತ್ತರ ಮಾತ್ರ ಕೇಳಿಸುತ್ತದೆ, ಅವರನ್ನು ಮಾತಾಡಿಸಿದವರ ದನಿ ಕೇಳಿಸುವುದಿಲ್ಲ. ಇಂಥ ಅರ್ಧ ಕಿವುಡನ್ನು ನಾವು ನ್ಯಾಯದ ಸಾಕ್ಷಿ ಎಂದು ಪೂಜಿಸುತ್ತಿದ್ದೇವೆ.

ಹೋದ ವರ್ಷ ಬೇಸಿಗೆಗೆ ಮುಂಚೆ, ಅಚ್ಚಿನವರು ಸೋಮವಾರ ಅಂಗಿ ಬಿಡುಗಡೆ ಮಾಡುತ್ತಾರೆ ಎಂಬ ಸುದ್ದಿ ಮೊಳಕೆಗೆ ಮುಟ್ಟಿತು. ಉತ್ಪಾದನೆಯ ಮುಖ್ಯಸ್ಥ ವಿರೂಪಾಕ್ಷ ಇನಾಮದಾರ ಬೇಯಿಸುವ ವಿಭಾಗದ ಬಾಗಿಲಿಗೆ ಓಡಿಬಂದು ನಿಂತ. ರೇಣುಕಾ ಹಿಂದಿನ ಕೆಲಸ ಹೇಳಿ ಮುಗಿಸಿ ಇನ್ನೂ ಗುರುತಿನ ಮೇಲೆಯೇ ಇದ್ದಳು, ಗೋಡೆಯ ಮೇಲೆ ಬೇಯಿಸುವುದು ಎಂಬ ಹೆಸರು ಆಗತಾನೇ ಬಂದಿತ್ತು.

"ಏನವಾ ರೇಣುಕಾ, ಇವನ್ನ ಲಗೂನ ಬೇಯಿಸಿ ಕಳಸವಾ," ಎಂದ.

"ಆತ್ರೀ," ಎಂದಳು ರೇಣುಕಾ.

ಅಷ್ಟೇ ನಡೆದದ್ದು. ನೀವು ಕನ್ನಡದವರು, ನಿಮಗೆ ನಾನು ಪಾಠ ಹೇಳಬೇಕಿಲ್ಲ. ಬೆಂಗಳೂರಿನ ಕಡೆಯವರು ಆಯ್ತು ಎನ್ನುವುದನ್ನು ನಮ್ಮ ಕಡೆ ಆತು ಎನ್ನುತ್ತೇವೆ. ಮಾಡು ಎಂದವರಿಗೆ ಆತು ಎಂದರೆ ಸರಿ, ಮಾಡುತ್ತೇನೆ ಎಂದರ್ಥ. ಮುಗಿಯಿತೇ ಎಂದವರಿಗೆ ಆತು ಎಂದರೆ ಮುಗಿದಿದೆ ಎಂದರ್ಥ. ಎದುರಿನ ಮಾತು ಯಾವುದೆಂದು ತಿಳಿದರೆ ಎಳೆ ಮಗುವಿಗೂ ಗೊಂದಲವಿಲ್ಲ. ಕಿವಿಗೆ ಎದುರಿನ ಮಾತು ಕೇಳಿಸಲಿಲ್ಲ. ಬೇಯಿಸುವುದು, ಆಗಿದೆ ಎಂದು ಸಾರಿ, ಹೊರಗಿನ ಬಾಗಿಲು ತೆರೆದುಬಿಟ್ಟಿತು. ರೇಣುಕಾ ಕುಲುಮೆ ಕಾಯಿಸಲು ಒಳಗೆ ಹೋಗಿ ಬರುವಷ್ಟರಲ್ಲಿ ಗಾಡಿ ಚಿಪ್ಪುಗಳನ್ನು ಹೇರಿಕೊಂಡು ಹೊರಟುಹೋಗಿತ್ತು.

ಅವಳು ಓಡಿ ಹೋಗಿ ಇನಾಮದಾರನ ಮುಂದೆ ನಿಂತಳು. "ಸರ್, ಗಾಡಿ ತಿರುಗಿ ಕರಸ್ರಿ. ನಾ ಹ್ಞೂಂ ಅಂದಿದ್ದೆ, ಮಾಡಿ ಮುಗಿಸೇನಿ ಅಂದಿದ್ದಿಲ್ಲ. ಅವು ಇನ್ನೂ ಹಸಿ ಅದಾವ್ರೀ." ಇನಾಮದಾರ ಮೊದಲು ಗಾಬರಿಯಾದನಂತೆ, ಆಮೇಲೆ ಸ್ವಲ್ಪ ಹೊತ್ತು ಯೋಚಿಸಿದನಂತೆ, ಆಮೇಲೆ ನಕ್ಕನಂತೆ. "ಆತ್ ಬಿಡವಾ, ಈಗ್ಯಾಕ ಅದು? ಸೋಮವಾರ ಮುಗೀಲಿ, ನೋಡೂಣು." ಅವಳು ಮತ್ತೆ ಮತ್ತೆ ಹೋದಳು. ಕೊನೆಗೆ ಅವಳನ್ನು ಕುಲುಮೆಯಿಂದ ಎತ್ತಿ ಉಗ್ರಾಣಕ್ಕೆ ಹಾಕಿದರು.

ಇಲ್ಲಿಯವರೆಗೆ ನಡೆದದ್ದನ್ನು ಆಕಸ್ಮಿಕ ಎನ್ನಬಹುದು. ಮುಂದಿನದನ್ನು ಹಾಗೆನ್ನಲಾಗದು. ಇನಾಮದಾರನಿಗೆ ಆ ನಗುವಿನಲ್ಲಿ ಒಂದು ದಾರಿ ಹೊಳೆದಿತ್ತು. ಅವತ್ತಿನಿಂದ ಅವನು ಯಾರನ್ನೂ ಬೇಯಿಸಿದಿರಾ ಎಂದು ಕೇಳಲಿಲ್ಲ. ಜನ ಗುರುತಿನ ಮೇಲೆ ನಿಲ್ಲುವ ಹೊತ್ತಿಗೆ ಬಾಗಿಲಿಗೆ ಬಂದು, ಬೇಯಿಸ್ರಿ, ತೊಳೀರಿ, ತೂಗ್ರಿ ಎಂದು ಹೇಳುವುದು, ಅವರು ಆತ್ರೀ ಎನ್ನುವುದು, ಬಾಗಿಲು ತೆರೆಯುವುದು. ಯಾರೂ ಸುಳ್ಳು ಹೇಳಲಿಲ್ಲ ನೋಡಿ! ಮುಖ್ಯಸ್ಥ ಮಾಡಿರಿ ಎಂದ, ಕೆಲಸದವರು ಒಪ್ಪಿಕೊಂಡರು, ಯಂತ್ರ ಕೇಳಿದ್ದನ್ನು ಹಿಡಿದಿಟ್ಟಿತು. ಎಲ್ಲರ ಕೈಯೂ ಸ್ವಚ್ಛ. ಅಚ್ಚಿನವರಿಗೆ ಈ ಉಪಾಯ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಅವರೂ ಸವೆದ ಅಚ್ಚುಗಳನ್ನು ಬದಲಿಸದೆ ಬದಲಿಸ್ರಿ, ಆತ್ರೀ ಎಂದು ಶುರು ಮಾಡಿದರು. ಎರಡೂ ಕಡೆ ಇದಕ್ಕೊಂದು ಹೆಸರೂ ಹುಟ್ಟಿತು, ಆತು ಹಾಕುವುದು ಎಂದು. ಚಹಾದಂಗಡಿಯಲ್ಲಿ ಹುಡುಗರು ಇವತ್ತೆಷ್ಟು ಆತು ಹಾಕಿದಿ ಎಂದು ಕೇಳಿಕೊಂಡು ನಗುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಆಗ ನನಗೆ ಅದರ ಅರ್ಥ ತಿಳಿದಿರಲಿಲ್ಲ. ತಿಳಿದ ದಿನ ಥೂ ಎಂದು ಉಗಿದೆ, ಉಗಿದರೂ ಬಾಯಿಯ ಕಹಿ ಹೋಗಲಿಲ್ಲ.

ಮುಂಡರಗಿ ಕಡೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದ ಹೆಂಗಸರು ಮೊಳಕೆಯ ಹೊಸ ಅಂಗಿ ತೊಟ್ಟಿದ್ದರು. ಸುಡುಹೊತ್ತಿಗೆ ಮೈ ಬಿಸಿಯಾಯಿತು, ಚಿಪ್ಪೂ ಬಿಸಿಯಾಯಿತು, ತಂಪು ಬಿಡಬೇಕಾದ ಗಳಿಗೆಯಲ್ಲೇ ಕದಗಳು ಅಂಟಿಕೊಂಡವು. ತಂಪು ನಿಂತ ಮೇಲೆ ಆ ಅಂಗಿ ಕಂಬಳಿಗಿಂತ ಕಡೆ. ಬಿಚ್ಚೋಣವೆಂದರೆ ಎದೆಯ ಕೊಂಡಿ ತೆರೆಯುವುದೂ ಅದೇ ಚಿಪ್ಪಿನಿಂದ. ಐವರು ಸತ್ತರು. ಕಂಪನಿ ಮೊದಲ ದಿನವೇ ಅವರು ನೀರು ಸರಿಯಾಗಿ ಕುಡಿದಿರಲಿಲ್ಲ ಎಂದು ಹೇಳಿಕೆ ಕೊಟ್ಟಿತು. ಮಾನಗೇಡಿಗಳು! ಹೆಣ ಇನ್ನೂ ಮನೆಗೆ ಬಂದಿರಲಿಲ್ಲ.

ವಿಚಾರಣೆ ಶುರುವಾದಾಗ ಕಿವಿಯನ್ನು ತಂದು ಕೇಳಿಸಿದರು. ಸತ್ತವರ ಅಂಗಿಯ ಚಿಪ್ಪುಗಳ ದಾಖಲೆಯಲ್ಲಿ ಇದ್ದದ್ದು ಒಂದೇ ದನಿ, ರೇಣುಕಾಳದು. ಆತ್ರೀ. ಇನಾಮದಾರ ಕೈತೊಳೆದುಕೊಂಡ. ನಾನು ಬೇಯಿಸಲು ಹೇಳಿದೆ, ಬೇಯಿಸದೆ ಬೇಯಿಸಿದ್ದೇನೆ ಎಂದವಳು ಆಕೆ ಎಂದ. ಐದು ಜೀವಗಳ ಭಾರ ಆ ಒಂದು ಮಾತಿನ ಮೇಲೆ ಬಂತು. ಅದು ಒಪ್ಪಿಗೆಯ ಮಾತೆಂದು ತೀರ್ಮಾನವಾದರೆ ರೇಣುಕಾ ಮನೆಗೆ, ಮುಗಿದದ್ದರ ಮಾತೆಂದಾದರೆ ಜೈಲಿಗೆ. ಅವಳ ತಾಯಿ ಫಕೀರವ್ವ ನಮ್ಮ ಮನೆಗೆ ಬಂದು, "ಅಕ್ಕೋರ, ಕನ್ನಡ ಕಲಿಸಿದವ್ರು ನೀವ, ಆ ಮಾತಿನ ಅರ್ಥ ನೀವ ಬಂದು ಹೇಳ್ರಿ," ಎಂದು ಕೈ ಹಿಡಿದುಕೊಂಡಳು. ನಾನು ಹೋದೆ.

ವಿಚಾರಣೆಯ ಅಧಿಕಾರಿ ಗುರುಸಿದ್ದಪ್ಪ ಕೊಣ್ಣೂರ ನಮ್ಮ ಸೀಮೆಯವರೇ, ಆತು ಎನ್ನದೆ ದಿನ ಕಳೆದವರಲ್ಲ. ಒಳಗೆ ಕಾಲಿಡುತ್ತಲೇ ನನಗೆ ಮೊದಲು ಕಂಡದ್ದು ಮೊಳಕೆಯ ವಕೀಲನ ಪಕ್ಕದಲ್ಲಿ ಅಚ್ಚಿನ ವಕೀಲ. ಮದುವೆ ಊಟದಲ್ಲಿ ನಮ್ಮನ್ನು ಬೇರೆ ಮಾಡಿದವರು ಇಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಡಬ್ಬಿಯಿಂದ ಅಡಿಕೆ ಹಂಚಿಕೊಳ್ಳುತ್ತಿದ್ದರು. ನಿಮ್ಮದು ನಾವು ನೋಡಿಲ್ಲ, ನಮ್ಮದು ನೀವು ನೋಡಿಲ್ಲ ಎಂಬ ಒಪ್ಪಂದ ಅವರ ಮುಖದ ಮೇಲೇ ಇತ್ತು.

ನಾನು ವ್ಯಾಕರಣ ಹೇಳಲಿಲ್ಲ. ಸಾಕ್ಷಿಗೆಂದು ತಂದ ಕಿವಿ ಅಧಿಕಾರಿಗಳ ಮೇಜಿನ ಮೇಲಿತ್ತು. ಅದರಲ್ಲಿ ಪರದೆ ಎಳೆಯುವುದು ಎಂಬ ಕೆಲಸ ಹಾಕಿ, ಅಧಿಕಾರಿಗಳ ಕುರ್ಚಿಯನ್ನೇ ಗುರುತಾಗಿ ಇಡಲು ಗುಮಾಸ್ತನಿಗೆ ಹೇಳಿದೆ. ಕೊಣ್ಣೂರರು ತಲೆ ತಗ್ಗಿಸಿ ಏನೋ ಓದುತ್ತಿದ್ದರು. "ಸಾಹೇಬ್ರ, ಬಿಸಲು ಕಣ್ಣಿಗೆ ಹೊಡೀತೈತಿ, ಆ ಪರದೆ ಒಂದೀಟು ಎಳೀರಲ್ಲ," ಎಂದೆ. ಅವರು ತಲೆ ಎತ್ತದೆಯೇ, "ಆತ್ರೀ ಅಕ್ಕೋರ," ಎಂದರು. ಕಿವಿ ತನ್ನ ಇಂಪಾದ ದನಿಯಲ್ಲಿ, ಪರದೆ ಎಳೆಯುವುದು, ಆಗಿದೆ ಎಂದು ಸಾರಿತು. ಪರದೆ ಇದ್ದಲ್ಲೇ ಇತ್ತು. ಬಿಸಿಲು ನನ್ನ ಮುಖದ ಮೇಲೆಯೇ ಇತ್ತು.

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಕೊಣ್ಣೂರರು ಕಣ್ಣೀರು ಬರುವಷ್ಟು ನಕ್ಕರು, ಇನಾಮದಾರನೂ ನಕ್ಕ, ರೇಣುಕಾ ಕೂಡ ಆ ದಿನ ಮೊದಲ ಸಲ ನಕ್ಕಳು. ಫಕೀರವ್ವ ನನ್ನ ಕಡೆ ನೋಡಿ ಕೈ ಮುಗಿದಳು. ಗೆದ್ದೆವು ಎಂದೇ ನಾನು ತಿಳಿದೆ.

ತೀರ್ಪು ಮುಂದಿನ ವಾರ ಬಂತು. ಆತು ಎಂಬುದು ಆಗು ಧಾತುವಿನ ಭೂತಕಾಲದ ರೂಪ, ಆದ್ದರಿಂದ ಮುಗಿದ ಕೆಲಸವನ್ನೇ ಸೂಚಿಸುತ್ತದೆ ಎಂದು ಬರೆದಿದ್ದರು. ಆಧಾರವಾಗಿ ಎತ್ತಿಕೊಂಡದ್ದು ನಮ್ಮ ಶಾಲೆಗೆಂದು ನಾನೇ ಬರೆದ ವ್ಯಾಕರಣ ಪಾಠವನ್ನು. ರೇಣುಕಾಳಿಗೆ ಆರು ವರ್ಷ. ಇನಾಮದಾರನಿಗೆ ಬಡ್ತಿ.

ನಾನು ಕೊಣ್ಣೂರರ ಮನೆಗೇ ಹೋಗಿ ಕೇಳಿದೆ, ನಿಮಗೆ ಅರ್ಥವಾಗಲಿಲ್ಲವೇ ಎಂದು. ಅವರು ನನ್ನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಬಹಳ ಮೆತ್ತಗೆ ಹೇಳಿದರು. "ತಿಳೀದ ಏನ್ರಿ ಅಕ್ಕೋರ? ನೀವು ಹೇಳಿದ್ದು ಖರೇ ಐತಿ. ಆದ್ರ ಈ ಒಂದು ಆತು ಬಿತ್ತಂದ್ರ ಎಲ್ಲಾ ಆತೂನೂ ಬೀಳ್ತಾವ. ಮಂದಿ ಮೈಮ್ಯಾಲಿನ ಅಂಗಿ ಅಷ್ಟೂ ವಾಪಸ್ ತರಸಬೇಕಾಗ್ತದ. ಅಷ್ಟರಾಗ ಹೊರದೇಶದವ್ರು ಬಂದು ಮಾರ್ಕೆಟ್ ಹೊಡ್ಕೊಂಡು ಹೋಗ್ತಾರ. ಒಬ್ಬಾಕಿ ಸಲುವಾಗಿ ಎರಡೂ ಕಂಪನಿ ಮುಳಗಸೂದು ಹ್ಯಾಂಗ್ರಿ?" ಮಜ್ಜಿಗೆಗೆ ಕೊತ್ತಂಬರಿ, ಇಂಗು ಎಲ್ಲ ಹಾಕಿಸಿದ್ದರು. ನಾನು ಲೋಟವನ್ನು ಅಲ್ಲೇ ಇಟ್ಟು ಎದ್ದು ಬಂದೆ. ಆ ಅಂಗಿಗಳು ಈಗಲೂ ಜನರ ಮೈಮೇಲಿವೆ, ಮುಂದಿನ ವಾರ ಬೇಸಿಗೆ ಶುರುವಾಗುತ್ತದೆ.

ತಿಳಿಯದೆ ಮಾಡಿದ ತಪ್ಪನ್ನು ನಾನು ಮಕ್ಕಳ ಉತ್ತರಗಳಲ್ಲಿ ದಿನವೂ ಕ್ಷಮಿಸುತ್ತೇನೆ. ಇವರು ನಮ್ಮ ಭಾಷೆಯನ್ನು ನನ್ನಷ್ಟೇ ಚೆನ್ನಾಗಿ ತಿಳಿದು, ಅದರ ತಮಾಷೆಗೆ ಮನಸಾರೆ ನಕ್ಕು, ಆಮೇಲೆ ಅದೇ ಭಾಷೆಯಿಂದ ಒಬ್ಬ ಹೆಣ್ಣುಮಗಳ ಕುತ್ತಿಗೆ ಹಿಸುಕಿದರು. ಇದಕ್ಕಿಂತ ಅಸಹ್ಯವಾದದ್ದನ್ನು ನಾನು ಕಂಡಿಲ್ಲ.

ನಿಮ್ಮಲ್ಲಿ ನನ್ನದೊಂದು ಬೇಡಿಕೆಯಿದೆ. ನೀವು ಈಗ ಯಂತ್ರಗಳಿಗೆ ಕನ್ನಡ ಕೇಳಿಸಿಕೊಳ್ಳಲು ಕಲಿಸುತ್ತಿದ್ದೀರಂತೆ, ನಮ್ಮ ನಾಡಿನಲ್ಲೂ ಚಿಪ್ಪು ಮಾಡೋಣ, ಎಲ್ಲರಿಗಿಂತ ಮೊದಲು ಮಾಡೋಣ ಎಂದು ಹುರುಪಿನಲ್ಲಿದ್ದೀರಂತೆ. ಮಾಡಿ, ಬೇಡವೆನ್ನುವುದಿಲ್ಲ. ಆದರೆ ಮಾಡು ಎಂದವನ ದನಿಯನ್ನು ಬಿಟ್ಟು, ಮಾಡುತ್ತೇನೆ ಎಂದವಳ ದನಿಯನ್ನಷ್ಟೇ ಹಿಡಿದಿಡುವ ಯಂತ್ರವನ್ನು ಮಾತ್ರ ದಯವಿಟ್ಟು ಕಟ್ಟಬೇಡಿ. ಯಾರಾದರೂ ಅದಕ್ಕೆ ವಿನಾಯಿತಿ ಕೇಳಿಕೊಂಡು ಬಂದರೆ, ವ್ಯಾಪಾರದ ಗುಟ್ಟು ಎಂದರೆ, ಹೊರಗಿನವರು ಮುಂದೆ ಹೋಗುತ್ತಾರೆ ಎಂದು ಹೆದರಿಸಿದರೆ, ಬಾಗಿಲು ಹಾಕಿ ಕಳಿಸಿಬಿಡಿ.

ಹೋದ ಭಾನುವಾರ ಫಕೀರವ್ವನ ಜೊತೆ ಜೈಲಿಗೆ ಹೋಗಿದ್ದೆ. ಭೇಟಿ ಕೋಣೆಯ ಗೋಡೆಯಲ್ಲೂ ಒಂದು ಕಿವಿ ಇದೆ. ರೇಣುಕಾ ಬಂದು ಜಾಲರಿಯ ಆಚೆ ಕುಳಿತಳು, ಬಹಳ ಇಳಿದುಹೋಗಿದ್ದಾಳೆ. ಫಕೀರವ್ವ ಎಲ್ಲ ತಾಯಂದಿರೂ ಕೇಳುವುದನ್ನೇ ಕೇಳಿದಳು, "ಊಟ ಆತೇನವಾ?" ರೇಣುಕಾ ಗೋಡೆಯ ಕಡೆ ನೋಡಿದಳು, ತಾಯಿಯ ಕಡೆ ನೋಡಿದಳು. ಬಾಯಿ ತೆರೆಯಲಿಲ್ಲ. ಫಕೀರವ್ವ ಮತ್ತೆ ಕೇಳಿದಳು, ಮತ್ತೂ ಕೇಳಿದಳು. ಹೊತ್ತು ಮುಗಿದು ಪೊಲೀಸಿನವಳು ಬಂದು ಕರೆದುಕೊಂಡು ಹೋಗುವವರೆಗೂ ಅವಳು ಉತ್ತರ ಕೊಡಲಿಲ್ಲ. ಮಗಳು ಉಂಡಿದ್ದಾಳೋ ಇಲ್ಲವೋ ಫಕೀರವ್ವನಿಗೆ ಇವತ್ತಿಗೂ ಗೊತ್ತಿಲ್ಲ.

ಇತಿ,
ದಾಕ್ಷಾಯಣಿ ಮುಳಗುಂದ